ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟರೆ ಸಾಕೇ?

ಅಮೆರಿಕದ ನ್ಯೂಜೆರ್ಸಿಯಲ್ಲಿ ಗೋದಾಮು ನಡೆಸುವ ಓದುಗರೊಬ್ಬರ ಪತ್ರ: "ನಮ್ಮಲ್ಲಿ 40 ಜನ ಕೆಲಸಕ್ಕಿದ್ದಾರೆ. ಹೊಸಬರಿಗೆ ಬುದ್ಧಿಮತ್ತೆ ಪರೀಕ್ಷೆ ಇಡಬೇಕೆಂದಿದ್ದೇನೆ. ಬಣ್ಣ, ದೇಶ ಏನೂ ನೋಡುವುದಿಲ್ಲ, ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ. ಆದರೂ ವಕೀಲರು ಬೇಡ ಅನ್ನುತ್ತಾರೆ. ಯಾಕೆ?"

ಮಾನ್ಯರೇ,

ನಿಮ್ಮ ಉದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಅಲ್ಲಿನ ಕಾನೂನು ಉದ್ದೇಶವನ್ನಷ್ಟೇ ನೋಡಿ ಸುಮ್ಮನಾಗುವುದಿಲ್ಲ.

ಉತ್ತರ ಕೆರೊಲಿನಾದಲ್ಲಿ ಡ್ಯೂಕ್ ಪವರ್ ಕಂಪನಿಯ ಡ್ಯಾನ್ ರಿವರ್ ವಿದ್ಯುತ್ ಸ್ಥಾವರವಿತ್ತು. ಅಲ್ಲಿ ಕಪ್ಪು ಜನರಿಗೆ ಸಿಗುತ್ತಿದ್ದುದು ಕೂಲಿ ವಿಭಾಗವೊಂದೇ. ಆ ವಿಭಾಗದ ಅತಿ ಹೆಚ್ಚಿನ ಸಂಬಳವೂ ಬೇರೆ ವಿಭಾಗಗಳ ಅತಿ ಕಡಿಮೆ ಸಂಬಳವನ್ನು ಮುಟ್ಟುತ್ತಿರಲಿಲ್ಲ. ಉದ್ಯೋಗದಲ್ಲಿ ಭೇದಭಾವ ನಿಷೇಧಿಸುವ ಕಾನೂನು 1965ರ ಜುಲೈ 2ರಂದು ಜಾರಿಗೆ ಬಂತು. ಅದೇ ದಿನ ಕಂಪನಿ ಒಳ್ಳೆಯ ವಿಭಾಗಗಳಿಗೆ ಹೊಸದಾಗಿ ಸೇರುವವರಿಗೆ ಹೈಸ್ಕೂಲ್ ಸರ್ಟಿಫಿಕೇಟಿನ ಜೊತೆ ಎರಡು ಪರೀಕ್ಷೆ ಕಡ್ಡಾಯ ಮಾಡಿತು. ಒಂದು ವಂಡರ್ಲಿಕ್ ಎಂಬ ಬುದ್ಧಿಮತ್ತೆ ಪರೀಕ್ಷೆ, 12 ನಿಮಿಷದಲ್ಲಿ 50 ಪ್ರಶ್ನೆ. ಇನ್ನೊಂದು ಬೆನೆಟ್ ಯಂತ್ರಜ್ಞಾನ ಪರೀಕ್ಷೆ. ಎಲ್ಲರಿಗೂ ಒಂದೇ ಪತ್ರಿಕೆ, ನೀವು ಹೇಳುವ ಹಾಗೆಯೇ. ಆದರೆ ಈ ನಿಯಮಗಳಿಂದ ಹೊರಗುಳಿದವರಲ್ಲಿ ಕಪ್ಪು ಜನರ ಪಾಲೇ ಬಹಳ ಹೆಚ್ಚು. ಇತ್ತ ಮೊದಲೇ ಒಳಗಿದ್ದ ಬಿಳಿಯರಲ್ಲಿ ಹಲವರು ಸರ್ಟಿಫಿಕೇಟೂ ಇಲ್ಲದೆ, ಪರೀಕ್ಷೆಯನ್ನೂ ಬರೆಯದೆ ಚೆನ್ನಾಗಿಯೇ ಕೆಲಸ ಮಾಡುತ್ತಿದ್ದರು. ಹಾಗಾದರೆ ಆ ಪರೀಕ್ಷೆ ಅಳೆದದ್ದಾದರೂ ಏನನ್ನು? ನನ್ನ ಮಟ್ಟಿಗೆ ಇಡೀ ಪ್ರಕರಣದ ಜೀವಾಳ ಈ ಪ್ರಶ್ನೆಯೇ.

ವಿಲ್ಲಿ ಗ್ರಿಗ್ಸ್ ಮತ್ತು ಜೊತೆಗಾರರು ಕೋರ್ಟಿಗೆ ಹೋದರು. 1971ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಅವರ ಪರವಾಗಿ ತೀರ್ಪು ಕೊಟ್ಟಿತು. ಪರೀಕ್ಷೆ ಆ ಕೆಲಸಕ್ಕೆ ಬೇಕಾದ ಯೋಗ್ಯತೆಯನ್ನು ಅಳೆಯಬೇಕು, ಸುಮ್ಮನೆ ಮನುಷ್ಯನನ್ನಲ್ಲ ಎಂಬುದು ಅದರ ಸಾರ.

ಹಾಗೆಂದು ಪರೀಕ್ಷೆಗೇ ನಿಷೇಧವಿಲ್ಲ. ಕನೆಕ್ಟಿಕಟ್‌ನ ನ್ಯೂ ಲಂಡನ್‌ನಲ್ಲಿ ವಂಡರ್ಲಿಕ್‌ನಲ್ಲಿ 33 ಅಂಕ ಪಡೆದವನನ್ನು, ಅಂಕ ಹೆಚ್ಚಾಯಿತೆಂದು, ಪೊಲೀಸ್ ಕೆಲಸದ ಸಂದರ್ಶನಕ್ಕೇ ಕರೆಯಲಿಲ್ಲ. 2000ದಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನೂ ಎತ್ತಿಹಿಡಿಯಿತು. ನನಗಿದು ಸರಿಕಾಣುವುದಿಲ್ಲ, ಆದರೆ ಬುದ್ಧಿವಂತರೆಂಬ ಗುಂಪಿಗೆ ಅಲ್ಲಿನ ಕಾನೂನಿನಲ್ಲಿ ವಿಶೇಷ ರಕ್ಷಣೆಯಿಲ್ಲ.

ನಿಮ್ಮ ವಿಷಯಕ್ಕೆ ಬರೋಣ. ನೌಕರರ ಆಯ್ಕೆ ಕುರಿತ ಸರ್ಕಾರದ 1978ರ ಮಾರ್ಗಸೂಚಿಯಲ್ಲಿ ಐದರಲ್ಲಿ ನಾಲ್ಕರ ಲೆಕ್ಕವೊಂದಿದೆ. ಒಂದು ಗುಂಪಿನವರಲ್ಲಿ, ಉದಾಹರಣೆಗೆ ಬಿಳಿಯರಲ್ಲಿ, 50% ಜನ ಆಯ್ಕೆಯಾಗಿ ಇನ್ನೊಂದು ಗುಂಪಿನಲ್ಲಿ, ಅಂದರೆ ಕಪ್ಪು ಜನರಲ್ಲಿ, 30% ಮಾತ್ರ ಆದರೆ, 30 ಎಂಬುದು 50ರ 80%ಕ್ಕಿಂತ ಕಡಿಮೆಯಾದ್ದರಿಂದ ಎಚ್ಚರದ ಗಂಟೆ. ಆಗ ಪರೀಕ್ಷೆಗೂ ಕೆಲಸಕ್ಕೂ ಇರುವ ನಂಟನ್ನು ನೀವೇ ಸಾಬೀತು ಮಾಡಬೇಕು. ಪರೀಕ್ಷೆ ಮಾರಿದ ಕಂಪನಿಯ ಮಾತು ಸಾಲದು. 2025ರ ಏಪ್ರಿಲ್‌ನ ಅಧ್ಯಕ್ಷೀಯ ಆದೇಶ ಸರ್ಕಾರಿ ಸಂಸ್ಥೆಗಳಿಗೆ, ಉದ್ದೇಶವಿಲ್ಲದಿದ್ದರೂ ಪರಿಣಾಮದಲ್ಲಿ ಭೇದವಾಗುವ ಇಂಥ ಪ್ರಕರಣಗಳ ಹಿಂದೆ ಬೀಳಬೇಡಿ ಎಂದಿದೆ, ನಿಜ. ಆದರೆ ಕಾಯ್ದೆ ಹಾಗೇ ಇದೆ, ಕೆಲಸ ತಪ್ಪಿದವರು ತಾವೇ ದಾವೆ ಹೂಡಬಹುದು.

ಪೆಟ್ಟಿಗೆಯ ಮೇಲಿನ ಚೀಟಿ ಓದಿ ಸರಿಯಾದ ಕಪಾಟಿಗೆ ಸೇರಿಸುವುದು ಕೆಲಸವಾದರೆ ಅದನ್ನೇ ಅರ್ಧ ಗಂಟೆ ಮಾಡಿಸಿ ನೋಡಿ. ಯಾರು ಬರೆದರು, ಯಾರು ಪಾಸಾದರು ಎಂಬ ದಾಖಲೆ ಇಟ್ಟುಕೊಂಡು ನಿಮ್ಮ ವಕೀಲರಿಗೆ ತೋರಿಸುತ್ತಿರಿ.

— ಸಂಪಾದಕ