ಕೋವಿಡ್ ಕಾಲದಲ್ಲಿ ಮಾಸ್ಕ್ ಹಾಕದಿದ್ದರೆ ದಂಡ ಇದ್ದರೂ ಕೆಲವರು ಅದನ್ನು ಗದ್ದಕ್ಕೆ ಇಳಿಸಿಕೊಳ್ಳುತ್ತಿದ್ದದ್ದು ಯಾಕೆ?

ಎಲ್ಲರದ್ದೂ ಹಟವಲ್ಲ. ಬಹಳ ಜನರಿಗೆ ನಿಜವಾಗಿಯೂ ಉಸಿರು ಕಟ್ಟಿದ ಹಾಗೆ ಅನಿಸುತ್ತಿತ್ತು.

ಆಕ್ಸಿಜನ್ ಕಡಿಮೆಯಾಗಿ ಹಾಗಾಗುತ್ತದೆ ಅನ್ನುವುದು ತಪ್ಪು. ಆರೋಗ್ಯವಂತರಲ್ಲಿ ಬಟ್ಟೆಯ ಅಥವಾ ಸರ್ಜಿಕಲ್ ಮಾಸ್ಕ್‌ನಿಂದ ರಕ್ತದ ಆಕ್ಸಿಜನ್ ಹೇಳಿಕೊಳ್ಳುವಷ್ಟು ಇಳಿಯುವುದಿಲ್ಲ. ಅಸಲಿ ವಿಷಯ ಸೆಕೆ. ನಾವು ಬಿಟ್ಟ ಉಸಿರಿನ ಬಿಸಿ, ತೇವ ಎರಡೂ ಮಾಸ್ಕ್ ಒಳಗೇ ನಿಲ್ಲುತ್ತವೆ. ಮೂಗು, ಕೆನ್ನೆಯ ನರಗಳಿಗೆ ತಂಪು ಗಾಳಿ ತಾಗಿದರೆ ಉಸಿರಾಟ ಹಗುರ ಅನಿಸುತ್ತದೆ. ಆ ತಂಪು ಸಿಗದಿದ್ದರೆ ಮಿದುಳು ‘ಗಾಳಿ ಸಾಲುತ್ತಿಲ್ಲ’ ಅಂತ ತಿಳಿಯುತ್ತದೆ. ಉಸಿರಾಟದ ತೊಂದರೆ ಇರುವವರ ಮುಖಕ್ಕೆ ಸಣ್ಣ ಫ್ಯಾನ್ ಹಿಡಿದರೆ ಹಾಯೆನಿಸುವುದೂ ಇದಕ್ಕೇ. ಗಾಬರಿಯಾದರೆ ಉಸಿರು ಜೋರಾಗುತ್ತದೆ, ಒಳಗೆ ಸೆಕೆ ಇನ್ನೂ ಜಾಸ್ತಿ.

ಕನ್ನಡಕದವರಿಗೆ ಗಾಜು ಮಂಜಾಗುವ ಕಾಟ. ಕಿವಿ ಮಂದವಾದವರಿಗೆ ಎದುರಿನವರ ತುಟಿ ಕಾಣಲೇಬೇಕು. ‘ನನಗೇನಾಗುತ್ತೆ ಬಿಡಿ’ ಅನ್ನುವವರೂ ಇದ್ದರು, ಸುಳ್ಳೇಕೆ! ಆದರೆ ಮೈಗೆ ಆಗುವ ಕಿರಿಕಿರಿಯನ್ನು ದಂಡ ತೆಗೆಯುವುದಿಲ್ಲ, ಅಲ್ವಾ? ಆ ದಂಡವನ್ನೂ 2020ರ ಅಕ್ಟೋಬರ್‌ನಲ್ಲಿ ಕರ್ನಾಟಕದ ನಗರಗಳಲ್ಲಿ 1,000 ರೂಪಾಯಿಯಿಂದ 250ಕ್ಕೆ ಇಳಿಸಬೇಕಾಯಿತು.

ಒದ್ದೆಯಾದ ಮಾಸ್ಕ್‌ನಲ್ಲಿ ಗಾಳಿ ಎಳೆಯುವುದೂ ಕಷ್ಟ. ಒಣಗಿದ್ದೊಂದು ಜೇಬಲ್ಲಿದ್ದರೆ ಬದಲಿಸಿಕೊಳ್ಳಬಹುದು.