200 ಬಂದರೂ ಡೇಟಾ ದಾಖಲಾಗುತ್ತಿಲ್ಲವೇ? ಕುಕೀ ಎಲ್ಲಿ ಕಳೆದುಹೋಗುತ್ತಿದೆ ನೋಡಿ

ಸೋಮವಾರಪೇಟೆ ಕಡೆಯ ತೋಟದ ಮಳೆ ಲೆಕ್ಕವನ್ನು ಪೈಥಾನ್ ಸ್ಕ್ರಿಪ್ಟ್‌ನಿಂದ ಗಂಟೆಗೊಮ್ಮೆ ಕಳಿಸುತ್ತೀರಿ, ಲಾಗಿನ್ ಆಗುತ್ತದೆ, ಪ್ರತಿ ಸಲ 200 (ಎಲ್ಲ ಸರಿ ಎಂಬ ಸರ್ವರ್ ಉತ್ತರ) ಬರುತ್ತದೆ, ಆದರೂ ಇಂಚು-ಸೆಂಟು ಏನೂ ದಾಖಲಾಗಿಲ್ಲ ಅಂತ ಕೇಳಿದ್ದೀರಿ. ಆ 200 ನಿಮ್ಮ ಮಳೆ ಲೆಕ್ಕಕ್ಕೆ ಬಂದ ಉತ್ತರವಲ್ಲ, ಲಾಗಿನ್ ಪುಟ ತೆರೆದದ್ದಕ್ಕೆ ಬಂದದ್ದು.

ನಿಮ್ಮ ಕೋಡ್‌ನಲ್ಲಿ ‘ರಿಕ್ವೆಸ್ಟ್ಸ್.ಪೋಸ್ಟ್’ ಎರಡು ಸಲ ಇದೆ, ಲಾಗಿನ್‌ಗೆ ಒಂದು, ಡೇಟಾಕ್ಕೆ ಒಂದು. ಹಾಗೆ ನೇರವಾಗಿ ಕರೆದರೆ ರಿಕ್ವೆಸ್ಟ್ಸ್ ಲೈಬ್ರರಿ ಪ್ರತಿ ಸಲವೂ ಹೊಸ ಸೆಷನ್ ತೆರೆದು, ಉತ್ತರ ಬಂದ ಕೂಡಲೇ ಮುಚ್ಚಿಬಿಡುತ್ತದೆ. ಲಾಗಿನ್ ಆದಾಗ ಸರ್ವರ್ ‘ಸೆಟ್-ಕುಕೀ’ ಹೆಡರ್‌ನಲ್ಲಿ ಕೊಟ್ಟ ಕುಕೀ (ನಿಮ್ಮನ್ನು ಗುರುತಿಸುವ ಚೀಟಿ) ಆ ಸೆಷನ್ ಜೊತೆಗೇ ಹೋಯಿತು. ಎರಡನೇ ಕರೆಯಲ್ಲಿ ನೀವು ಯಾರೆಂದು ಸರ್ವರ್‌ಗೆ ಗೊತ್ತಿಲ್ಲ. 302, ಅಂದರೆ ‘ಬೇರೆ ವಿಳಾಸಕ್ಕೆ ಹೋಗಿ’ ಎಂಬ ಉತ್ತರ ಕೊಟ್ಟು ಲಾಗಿನ್ ಪುಟಕ್ಕೆ ಅಟ್ಟುತ್ತದೆ. ಲೈಬ್ರರಿ ಅದನ್ನು ಹಿಂಬಾಲಿಸುವಾಗ ಪೋಸ್ಟ್ (ಡೇಟಾ ಕಳಿಸುವ ಕರೆ) ಅನ್ನು ಗೆಟ್ (ಪುಟ ತರುವ ಕರೆ) ಮಾಡುತ್ತದೆ, ಡೇಟಾ ಅಲ್ಲೇ ಬಿದ್ದುಹೋಗುತ್ತದೆ. ಡೇಟಾ ಕರೆಯ ಉತ್ತರವನ್ನು ‘ಆರ್’ನಲ್ಲಿ ಇಟ್ಟು ‘ಆರ್.ಹಿಸ್ಟರಿ’ ಪ್ರಿಂಟ್ ಮಾಡಿ, ಆ 302 ಸಿಗುತ್ತದೆ.

ಸ್ಕ್ರಿಪ್ಟ್ ಶುರುವಿನಲ್ಲಿ ‘ಎಸ್ = ರಿಕ್ವೆಸ್ಟ್ಸ್.ಸೆಷನ್()’ ಅಂತ ಒಂದೇ ಒಂದು ಸೆಷನ್ ಮಾಡಿ, ಲಾಗಿನ್ನೂ ಡೇಟಾವೂ ಅದರಿಂದಲೇ ಹೋಗಲಿ. ಕುಕೀಯನ್ನು ಕಾಪಿ ಮಾಡಿ ಹೆಡರ್‌ಗೆ ಅಂಟಿಸಬೇಡಿ. ‘ಕುಕೀಸ್=’ ಅಂತ ಕರೆಯಲ್ಲೇ ಕೊಟ್ಟರೂ ಆ ಒಂದು ಕರೆಗಷ್ಟೇ, ಸೆಷನ್‌ನಲ್ಲಿ ಉಳಿಯುವುದಿಲ್ಲ. ಲಾಗಿನ್ ಆದ ಮೇಲೆ ‘ಎಸ್.ಕುಕೀಸ್’ ತೆರೆದು ಡೊಮೇನ್ ನೋಡಿ: ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ವಿಳಾಸದಲ್ಲಿ ಲಾಗಿನ್ ಆಗಿ, ಅದಿಲ್ಲದ ವಿಳಾಸಕ್ಕೆ ಡೇಟಾ ಕಳಿಸಿದರೆ ಕುಕೀ ಹೋಗದೇ ಇರಬಹುದು. ‘ಸೆಕ್ಯೂರ್’ ಗುರುತಿರುವ ಕುಕೀ ಎಚ್‌ಟಿಟಿಪಿಎಸ್‌ನಲ್ಲಿ ಮಾತ್ರ ಹೋಗುತ್ತದೆ.

ಇಷ್ಟಾದರೂ ಮುಂದಿನ ಗಂಟೆಗೆ ಮತ್ತೆ ಕೈಕೊಡಬಹುದು. ಸರ್ವರ್ ಪಿಎಚ್‌ಪಿ ಭಾಷೆಯಲ್ಲಿದ್ದರೆ, ಅದು ಇಟ್ಟುಕೊಳ್ಳುವ ಸೆಷನ್ ಡೇಟಾದ ಡೀಫಾಲ್ಟ್ ಆಯಸ್ಸು 1440 ಸೆಕೆಂಡ್, ಅಂದರೆ 24 ನಿಮಿಷ. ಕುಕೀ ನಿಮ್ಮ ಹತ್ತಿರ ಇದ್ದರೂ ಅತ್ತ ಕಡೆ ಅದರ ಲೆಕ್ಕವೇ ಇರುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಸುಮ್ಮನೆ ಕರೆ ಮಾಡಿ ಸೆಷನ್ ಜೀವಂತ ಇಡುವುದು ನನಗೆ ಸರಿ ಕಾಣುವುದಿಲ್ಲ. ಡೇಟಾ ಕಳಿಸುವ ಕರೆಗೆ ‘ಅಲೋ_ರಿಡೈರೆಕ್ಟ್ಸ್=ಫಾಲ್ಸ್’ ಕೊಡಿ; 302 ಅಥವಾ 401 (ಲಾಗಿನ್ ಬೇಕು ಎಂಬ ಉತ್ತರ) ಬಂದರೆ ಒಮ್ಮೆ ಲಾಗಿನ್ ಆಗಿ, ಅದೇ ಡೇಟಾವನ್ನು ಒಮ್ಮೆ ಮಾತ್ರ ಮತ್ತೆ ಕಳಿಸಿ. ಆಗಲೂ ಆಗದಿದ್ದರೆ ಲಾಗ್‌ಗೆ ಬರೆದು ನಿಲ್ಲಿಸಿ. ಲೂಪ್‌ನಲ್ಲಿ ಹಾಕಿದರೆ, ಪಾಸ್‌ವರ್ಡ್ ಬದಲಾದ ದಿನ ಅಕೌಂಟ್ ಲಾಕ್ ಆಗಬಹುದು.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟೂ ಸಿಗ್ನಲ್ಲೂ ಹೋಗುತ್ತವಲ್ಲ, ಅದಕ್ಕೆ ಕುಕೀಯನ್ನು ಫೈಲ್‌ನಲ್ಲಿ ಇಡುವುದಕ್ಕಿಂತ ಮಳೆಯ ಅಳತೆಯನ್ನು ಮೊದಲು ಫೈಲ್‌ಗೆ ಬರೆಯುವುದು ಮುಖ್ಯ. ಈ ಲೈಬ್ರರಿಗೆ ಡೀಫಾಲ್ಟ್ ಟೈಮ್‌ಔಟ್ ಇಲ್ಲ, ಸಿಗ್ನಲ್ ಹೋದರೆ ಸ್ಕ್ರಿಪ್ಟ್ ಹಾಗೇ ನೇತಾಡುತ್ತದೆ; ‘ಟೈಮ್‌ಔಟ್=(10, 30)’ ಕೊಡಿ, ಸಂಪರ್ಕಕ್ಕೆ 10 ಸೆಕೆಂಡ್, ಉತ್ತರಕ್ಕೆ 30. ಟೈಮ್‌ಔಟ್ ಆದರೂ ಡೇಟಾ ತಲುಪಿರಬಹುದು. ಹಾಗಾಗಿ ಪ್ರತಿ ಅಳತೆಯ ಜೊತೆ ಅಳೆದ ಸಮಯವನ್ನೂ ಕಳಿಸಿ, ಒಂದೇ ಮಳೆ ಎರಡು ಸಲ ಸೇರಿದ್ದರೆ ಅದರಿಂದ ಗೊತ್ತಾಗುತ್ತದೆ.