ಟೆಂಡರ್ ತಗಡಿನ ಮೇಲೆ ರಿವೆಟ್ ಸಾಲು

ಪ್ರಶ್ನೆ: ಹಿತ್ತಾಳೆ ತಗಡಿನ ಕಿಟ್ ತಂದು ಮೊದಲ ಸಲ ರೈಲಿನ ಸ್ಟೀಮ್ ಎಂಜಿನ್ ಮಾದರಿ ಕಟ್ಟುತ್ತಿದ್ದೇನೆ. ಅಳತೆ 1:76, ಅಂದರೆ ನಿಜವಾದದ್ದರ 76ನೇ ಒಂದು ಭಾಗ. ಟೆಂಡರ್‌ನ (ಎಂಜಿನ್ ಹಿಂದೆ ಕಲ್ಲಿದ್ದಲು, ನೀರು ಹೊರುವ ಬಂಡಿ) ಪಕ್ಕದ ತಗಡುಗಳ ಹಿಂಬದಿಯಲ್ಲಿ ಸಣ್ಣ ಸಣ್ಣ ಗುಳಿಗಳಿವೆ. ಅವನ್ನು ಒತ್ತಿ ಮುಂಬದಿಗೆ ರಿವೆಟ್ (ತಗಡು ಜೋಡಿಸುವ ಮೊಳೆಯ ಗುಂಡು ತಲೆ) ಎಬ್ಬಿಸಬೇಕು ಅಂತ ಕಿಟ್‌ನ ಕಾಗದದಲ್ಲಿದೆ. ಮೊಳೆ ಇಟ್ಟು ಸುತ್ತಿಗೆಯಿಂದ ಹೊಡೆದೆ. ಕೆಲವು ತೂತಾದವು, ಕೆಲವು ಏಳಲೇ ಇಲ್ಲ, ತಗಡು ಒಣಗಿದ ಎಲೆ ಹಾಗೆ ಮುದುರಿಕೊಂಡಿತು. ಇನ್ನೊಂದು ಬದಿ ಮುಟ್ಟಿಲ್ಲ. ಏನು ಮಾಡಲಿ?

ಉತ್ತರ: ಇನ್ನೊಂದು ಬದಿಯನ್ನು ಮುಟ್ಟದೆ ಇಟ್ಟಿರಲ್ಲ, ಅದೇ ಒಳ್ಳೆಯ ಕೆಲಸ.

ಮೊದಲು ಏನಾಯಿತು ಅಂತ ನೋಡೋಣ. ಇಂಥ ಕಿಟ್‌ಗಳ ತಗಡು ಸಾಮಾನ್ಯವಾಗಿ 0.25ರಿಂದ 0.45 ಮಿ.ಮೀ. ದಪ್ಪ ಇರುತ್ತದೆ. ಕಿಟ್ ತಯಾರಿಸುವಾಗ ಗುಳಿ ಇರುವ ಕಡೆ ಆಸಿಡ್ ಅದರಲ್ಲೂ ಸುಮಾರು ಅರ್ಧವನ್ನು ತಿಂದುಹಾಕಿರುತ್ತದೆ. ಉಳಿದ ಆ ತೆಳು ಪದರಕ್ಕೆ ಮೊಳೆಯ ಚೂಪು ತುದಿ ಬಿದ್ದರೆ ತೂತಾಗದೆ ಇನ್ನೇನಾದೀತು? ಸುತ್ತಿಗೆ ಪೆಟ್ಟೂ ಪ್ರತಿ ಸಲ ಒಂದೇ ಥರ ಬೀಳುವುದಿಲ್ಲ. ಅಡಿಗೆ ಮೆತ್ತನೆ ಮರದ ಹಲಗೆ ಇಟ್ಟಿದ್ದರಂತೂ ರಿವೆಟ್ ಏಳುವ ಬದಲು ಸುತ್ತಲಿನ ತಗಡೇ ಒಳಗೆ ಇಳಿಯುತ್ತದೆ.

ಮೊಳೆ ಬಿಡಿ. ಗೆರೆ ಎಳೆಯುವ ಗಟ್ಟಿ ಉಕ್ಕಿನ ಕಡ್ಡಿ ತೆಗೆದುಕೊಳ್ಳಿ. ಹಳೇ ಕೈವಾರದ ಕಾಲಾದರೂ ಆದೀತು. ಅದರ ತುದಿಯನ್ನು ಸಾಣೆಕಲ್ಲಿನ ಮೇಲೆ ತಿರುಗಿಸುತ್ತಾ ತಿಕ್ಕಿ, ಮೊಂಡು ಮಾಡಿ. ಉಗುರಿನ ಮೇಲೆ ಎಳೆದರೆ ಜಾರಬೇಕು, ಗೀರಬಾರದು. ಅಡಿಗೆ ಒತ್ತಾದ ದಪ್ಪ ರಟ್ಟು ಹಾಕಿ. ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ. ಮೇಲಿನ ತುದಿ ಅಂಗೈ ನಡುವೆ ಕೂರಲಿ, ಭುಜದ ಭಾರ ಹಾಕಿ ಒಂದೇ ಸಲ ಒತ್ತಿ. ಸುತ್ತಿಗೆ ಬೇಡ. ಇನ್ನೂ ಮೂರು ನಾಲ್ಕು ಎಂಜಿನ್ ಕಟ್ಟುವ ಆಸೆ ಇದ್ದರೆ ಮಾತ್ರ ರಿವೆಟ್ ಪ್ರೆಸ್ (ರಿವೆಟ್ ಒತ್ತುವ ಪುಟ್ಟ ಯಂತ್ರ) ಕೊಳ್ಳಿ. ಪ್ರತಿ ಸಲ ಒಂದೇ ಆಳಕ್ಕೆ ನಿಲ್ಲುವುದೇ ಅದರ ಲಾಭ.

ಬಿಡಿಭಾಗಗಳನ್ನು ಹಿಡಿದಿಟ್ಟ ಸುತ್ತಲಿನ ಚೌಕಟ್ಟು ಇದೆಯಲ್ಲ, ಅದರ ಮೇಲೆ ಕೈ ಪಳಗಿಸಿ. ಹಾಳಾದ ಆ ಮೊದಲ ಬದಿಯನ್ನೂ ಅಭ್ಯಾಸಕ್ಕೆ ಬಳಸಿ, ಅದರಲ್ಲಿ ಗುಳಿಗಳು ಇನ್ನೂ ಉಳಿದಿರುತ್ತವೆ. ರಿವೆಟ್ ಕೆಲಸ ಪೂರ್ತಿ ಮುಗಿದ ಮೇಲೇ ತಗಡನ್ನು ಮಡಿಸಬೇಕು. ಈ ಕ್ರಮ ತಪ್ಪಿಸಬೇಡಿ. ನಾನಂತೂ ಭಾಗವನ್ನು ಚೌಕಟ್ಟಿನಿಂದ ಬಿಡಿಸುವ ಮೊದಲೇ ಒತ್ತುತ್ತೇನೆ. ಸುತ್ತ ಹಿಡಿತ ಇರುವುದರಿಂದ ಮುದುರುವುದು ಕಡಿಮೆ. ಆದರೂ ಸ್ವಲ್ಪ ಬಾಗಿದರೆ ಹೆದರಬೇಡಿ. ರಟ್ಟಿನ ಮೇಲೆ ತಗಡನ್ನು ಮಗುಚಿ, ನುಣುಪಾದ ಕಡ್ಡಿಯಿಂದ ಸಾಲು ಸಾಲಿನ ನಡುವೆ ಮೆಲ್ಲಗೆ ಉಜ್ಜಿ. ರಿವೆಟ್ ಮೇಲೆ ಮಾತ್ರ ಉಜ್ಜಬೇಡಿ.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ಮಾತು. ನಿಜವಾದ ಎಂಜಿನ್‌ನಲ್ಲಿ ರಿವೆಟ್ ತಲೆ 38 ಮಿ.ಮೀ. ಅಗಲ ಇದ್ದರೆ, ನಿಮ್ಮ ಮಾದರಿಯಲ್ಲಿ ಅದು ಅರ್ಧ ಮಿ.ಮೀ. ಅಷ್ಟು ಸಣ್ಣದರ ಎತ್ತರ ಸ್ವಲ್ಪ ಹೆಚ್ಚು ಕಡಿಮೆ ಆದರೆ ಯಾರ ಕಣ್ಣಿಗೂ ಗೊತ್ತಾಗುವುದಿಲ್ಲ. ಸಾಲು ಸೊಟ್ಟಗಾದರೆ, ನಡುವೆ ಒಂದು ಬಿಟ್ಟುಹೋದರೆ, ನೋಡಿದ ತಕ್ಷಣ ಗೊತ್ತಾಗುತ್ತದೆ! ಅದಕ್ಕೆ ಒಂದು ಸಾಲು ಮುಗಿದ ಕೂಡಲೇ ದೀಪದ ಬೆಳಕು ಪಕ್ಕದಿಂದ ಬೀಳುವ ಹಾಗೆ ತಗಡನ್ನು ಓರೆಯಾಗಿ ಹಿಡಿದು ನೋಡಿ. ಪ್ರತಿ ರಿವೆಟ್‌ಗೂ ಒಂದು ಪುಟ್ಟ ನೆರಳು ಇರಬೇಕು. ನೆರಳು ಕಾಣದ ಕಡೆ ಮತ್ತೆ ಒತ್ತಿ. ಸುಸ್ತಾದರೆ ಎದ್ದುಬಿಡಿ. ನನ್ನ ಸಾಲುಗಳು ಸೊಟ್ಟಗಾದದ್ದೆಲ್ಲ ರಾತ್ರಿ ತಡವಾಗಿ, "ಇದೊಂದು ಮುಗಿಸಿಬಿಡೋಣ" ಅಂತ ಕೂತಾಗಲೇ.

ತೂತಾದ ರಿವೆಟ್‌ಗಳನ್ನೂ ಉಳಿಸಬಹುದು. 0.5 ಮಿ.ಮೀ. ಡ್ರಿಲ್ಲಿನಿಂದ ತೂತನ್ನು ದುಂಡಗೆ ಮಾಡಿ, ಅದೇ ದಪ್ಪದ ಹಿತ್ತಾಳೆ ತಂತಿ ತೂರಿಸಿ, ಹಿಂಬದಿಯಿಂದ ಬೆಸುಗೆ ಹಾಕಿ. ಮುಂದೆ ಕೂದಲೆಳೆಯಷ್ಟು ಎತ್ತರ ಬಿಟ್ಟು ಉಳಿದದ್ದನ್ನು ನಯವಾದ ಅರದಿಂದ ಉಜ್ಜಿ. ಬಣ್ಣ ಬಿದ್ದ ಮೇಲೆ ಅಕ್ಕಪಕ್ಕದ ರಿವೆಟ್‌ಗೂ ಅದಕ್ಕೂ ವ್ಯತ್ಯಾಸ ಕಾಣುವುದಿಲ್ಲ.

ಪ್ರಶ್ನೆ: ನನ್ನ ಕಿಟ್‌ನಲ್ಲಿ ಬಾಯ್ಲರ್ ತೀರಾ ಬೋಳಾಗಿದೆ. ಅದಕ್ಕೂ ರಿವೆಟ್ ಹಾಕಿದರೆ ಚೆನ್ನಾಗಿ ಕಾಣುತ್ತದಲ್ವಾ?

ಉತ್ತರ: ದಯವಿಟ್ಟು ಬೇಡ. ನಾನೂ ಒಮ್ಮೆ ಹಾಗೇ ಅಂದುಕೊಂಡು ಎರಡು ವಾರ ಕೂತು ಬಾಯ್ಲರ್ ತುಂಬಾ ರಿವೆಟ್ ಅಂಟಿಸಿದ್ದೆ. ಆಮೇಲೆ ಅದೇ ಎಂಜಿನ್‌ನ ಹಳೇ ಫೋಟೋ ಸಿಕ್ಕಿತು. ಅದರಲ್ಲಿ ಬಾಯ್ಲರ್ ಮೇಲೆ ಒಂದು ರಿವೆಟ್ ಕೂಡ ಇಲ್ಲ! ಆ ಎರಡು ವಾರದ ಕೆಲಸವನ್ನು ಕೆರೆದು ತೆಗೆಯುವಾಗ ಆದ ಸಂಕಟ ಈಗಲೂ ನೆನಪಿದೆ.

ಬಾಯ್ಲರ್‌ನ ಶಾಖ ಹೊರಗೆ ಹೋಗದಿರಲಿ ಅಂತ ಅದರ ಸುತ್ತ ದಪ್ಪ ಹೊದಿಕೆ, ಅದರ ಮೇಲೆ ತೆಳು ತಗಡು ಸುತ್ತಿರುತ್ತಾರೆ. ಬಾಯ್ಲರ್‌ಗೆ ರಿವೆಟ್ ಹೊಡೆದಿದ್ದರೂ ಅದು ಒಳಗೆ ಮುಚ್ಚಿಹೋಗಿರುತ್ತದೆ. ಹೊರಗೆ ಕಾಣುವುದು ಆ ತಗಡನ್ನು ಬಿಗಿದ ಪಟ್ಟಿಗಳು ಮಾತ್ರ. ಅವನ್ನು ಮಾಡಿ. ಈ ಅಳತೆಯಲ್ಲಿ ಪಟ್ಟಿ 1 ಮಿ.ಮೀ.ಗಿಂತ ಕಡಿಮೆ ಅಗಲ. ತೆಳುವಾದ ಅಂಟುಟೇಪನ್ನು ಗಾಜಿನ ಮೇಲೆ ಇಟ್ಟು, ಹೊಸ ಬ್ಲೇಡಿನಿಂದ ಸೀಳಿ ಸುತ್ತಿ. ತುದಿಗಳು ಸೇರುವ ಜಾಗ ಬಾಯ್ಲರ್‌ನ ಅಡಿಗೆ ಬರಲಿ.

ಸ್ಮೋಕ್‌ಬಾಕ್ಸ್, ಅಂದರೆ ಬಾಯ್ಲರ್ ಮುಂದೆ ಚಿಮಣಿಯ ಕೆಳಗಿರುವ ಹೊಗೆ ಪೆಟ್ಟಿಗೆ, ಬೇರೆ. ಅದಕ್ಕೆ ಹೊದಿಕೆ ಇರುವುದಿಲ್ಲ, ಹಾಗಾಗಿ ರಿವೆಟ್ ಸಾಲು ಎದ್ದು ಕಾಣುತ್ತದೆ. ಆದರೆ ಅಲ್ಲೂ ತಗಡಿನ ಮಟ್ಟಕ್ಕೇ ಕೂರುವ ರಿವೆಟ್ ಹೊಡೆದ ಎಂಜಿನ್‌ಗಳಿವೆ. ಬೆಸುಗೆ ಹಾಕಿದ ಟೆಂಡರ್‌ಗಳೂ ಇವೆ, ಅವುಗಳ ಮೈ ಪೂರ್ತಿ ನುಣುಪು. ಒಂದೇ ಎಂಜಿನ್‌ಗೆ ಇವತ್ತೊಂದು, ನಾಳೆಯೊಂದು ಟೆಂಡರ್ ಹಾಕಿದ್ದೂ ಉಂಟು. ಅದಕ್ಕೆ ಎಂಜಿನ್ ನಂಬರ್ ನೋಡಿದರೆ ಸಾಲದು, ನೀವು ಕಟ್ಟುತ್ತಿರುವ ಕಾಲದ ಫೋಟೋ ಹುಡುಕಿ.

ಪ್ರಶ್ನೆ: ವೈಟ್ ಮೆಟಲ್ ಚಿಮಣಿಯನ್ನು ಹಿತ್ತಾಳೆ ಬಾಯ್ಲರ್‌ಗೆ ಬೆಸೆಯಲು ಹೋದೆ. ಚಿಮಣಿಯ ಅಂಚು ಕರಗಿಹೋಯಿತು.

ಉತ್ತರ: ವೈಟ್ ಮೆಟಲ್ ಅಂದರೆ ಬೇಗ ಕರಗುವ ಮಿಶ್ರಲೋಹ, ಮಾಮೂಲಿ ಸೋಲ್ಡರ್‌ನ (ಬೆಸುಗೆ ಲೋಹದ) ಬಿಸಿಯನ್ನು ಅದು ತಡೆಯುವುದಿಲ್ಲ. 70 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ ಸೋಲ್ಡರ್ ಸಿಗುತ್ತದೆ, ಅದನ್ನು ಬಳಸಿ. ಅದು ನೇರವಾಗಿ ಹಿತ್ತಾಳೆಗೆ ಹಿಡಿಯುವುದಿಲ್ಲ. ಮೊದಲು ಹಿತ್ತಾಳೆ ಮೇಲೆ ಮಾಮೂಲಿ ಸೋಲ್ಡರ್ ತೆಳ್ಳಗೆ ಸವರಿ ಆರಲು ಬಿಡಿ. ಆಮೇಲೆ ಬೆಸುಗೆ ಐರನ್ನಿನ ಬಿಸಿ ಇಳಿಸಿಕೊಂಡು ಚಿಮಣಿ ಕೂರಿಸಿ. ಬಿಸಿ ಇಳಿಸಲು ಬಾರದ ಐರನ್ ಆಗಿದ್ದರೆ ಎಪಾಕ್ಸಿ ಅಂಟೇ ವಾಸಿ.

ಕೆಲಸ ಮುಗಿದ ದಿನವೇ ಫ್ಲಕ್ಸನ್ನು (ಬೆಸುಗೆ ಹಿಡಿಯಲಿ ಅಂತ ಸವರುವ ಪದಾರ್ಥ) ಬೆಚ್ಚಗಿನ ನೀರು, ಹಳೇ ಟೂತ್‌ಬ್ರಷ್‌ನಿಂದ ತೊಳೆದುಬಿಡಿ. ಉಳಿದರೆ ಹಿತ್ತಾಳೆ ಹಸಿರುಗಟ್ಟುತ್ತದೆ, ಬಣ್ಣ ನಿಲ್ಲುವುದಿಲ್ಲ.